ಹಗ್ಗ ತೋರಿಸಿದ್ರೂ ಹಾವು ಹೋಗದಿದ್ದಾಗ

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ, ಇಂಜಿನಿಯರಿಂಗ್ ಮುಗಿಸಿದಾನೆ. ಕೆಲವು ತಿಂಗಳಿಂದ ಎದುರು ಮನೆಯವರು ತನ್ನ ಮೇಲೆ ಕ್ಯಾಮೆರಾ ಇಟ್ಟಿದಾರೆ, ಮೊಬೈಲಿಂದ ತನ್ನ ಯೋಚನೆನೆಲ್ಲಾ ಓದ್ತಿದಾರೆ ಅಂತಾನೆ. ಕಿಟಕಿಗೆಲ್ಲಾ ನ್ಯೂಸ್‌ಪೇಪರ್ ಅಂಟಿಸಿಬಿಟ್ಟಿದಾನೆ. ಡಾಕ್ಟರು ಇದು ಕಾಯಿಲೆಯ ಭ್ರಮೆ, ಮಾತ್ರೆ ಬೇಕು ಅಂದ್ರು. ನಮ್ಮ ತಂದೆ ವೇದಾಂತ ಓದಿಕೊಂಡವರು, ಜಗತ್ತೇ ಮಾಯೆ ಅಂದ್ಮೇಲೆ ಎಲ್ಲರದ್ದೂ ಭ್ರಮೆನೇ, ವಿವೇಕ ಬಂದ್ರೆ ಸರಿಹೋಗತ್ತೆ ಅಂತ ದಿನಾ ಸಂಜೆ ಕೂರಿಸ್ಕೊಂಡು ಬುದ್ಧಿ ಹೇಳ್ತಾರೆ. ಮನೇಲಿ ಬರೀ ಜಗಳ. ಯಾರ ಮಾತು ಸರಿ?
- ಒಬ್ಬ ಅಕ್ಕ, ತುಮಕೂರು

ಉತ್ತರ: ನಿಮ್ಮ ತಂದೆಯವರು ಓದಿರೋದು ಸುಳ್ಳಲ್ಲಮ್ಮ, ಆದ್ರೆ ಅದು ನಿಮ್ಮ ತಮ್ಮನ ತೊಂದರೆಗೆ ಸಂಬಂಧಪಟ್ಟಿದ್ದಲ್ಲ. ಶಂಕರಾಚಾರ್ಯರ ಹಗ್ಗ-ಹಾವಿನ ದೃಷ್ಟಾಂತ ಅವರಿಗೆ ಬಾಯಿಪಾಠ ಇರತ್ತೆ. ಮಬ್ಬುಗತ್ತಲಲ್ಲಿ ಬಿದ್ದಿರೋ ಹಗ್ಗ ನೋಡಿ ಹಾವು ಅಂತ ಹೆದರ್ತೀವಿ, ಯಾರೋ ದೀಪ ತಂದ್ರೆ ಹಾವು ಇಲ್ಲ, ಇದ್ದಿದ್ದು ಹಗ್ಗನೇ. ಅಲ್ಲಿ ದೀಪ ಕೆಲಸ ಮಾಡತ್ತೆ. ಮಯಸಭೆಯಲ್ಲಿ ದುರ್ಯೋಧನ ನೀರನ್ನ ನೆಲ ಅನ್ಕೊಂಡು ಕಾಲಿಟ್ಟು ಬಿದ್ದ, ಬಟ್ಟೆ ಒದ್ದೆ ಆದ ತಕ್ಷಣ ಇದು ನೀರು ಅಂತ ಅವನಿಗೂ ಗೊತ್ತಾಯ್ತು, ಗೊತ್ತಾಗಿದ್ದಕ್ಕೇ ಅಷ್ಟು ಅವಮಾನ ಆಗಿದ್ದು.

ಕಾಯಿಲೆಯ ಭ್ರಮೆ ಹೀಗಲ್ಲ. ಅಲ್ಲಿ ನೀವು ದೀಪ ಹಿಡ್ಕೊಂಡು ಹೋದ್ರೆ, ದೀಪ ತಂದವನೂ ಹಾವಿನ ಕಡೆಯವನೇ ಅನ್ನಿಸಿಬಿಡತ್ತೆ. ಜರ್ಮನಿಯ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ 1913ರಲ್ಲೇ ಇದನ್ನ ಬರೆದಿಟ್ಟಿದಾರೆ, ಭ್ರಮೆಯಲ್ಲಿರೋರ ನಂಬಿಕೆ ಅಲ್ಲಾಡಲ್ಲ, ಅನುಭವದಿಂದಾಗ್ಲಿ ವಾದದಿಂದಾಗ್ಲಿ ಬದಲಾಗಲ್ಲ ಅಂತ. ನಿಮ್ಮ ತಂದೆ ಸಂಜೆ ಒಂದೊಂದು ತರ್ಕ ಮುಂದಿಟ್ಟಾಗ್ಲೂ ತಮ್ಮ ಅದಕ್ಕೊಂದು ಉತ್ತರ ಹುಡುಕ್ಕೊಳ್ತಾನೆ, ಕೊನೆಗೆ ಅಪ್ಪನೂ ಎದುರುಮನೆಯವರ ಜೊತೆ ಸೇರ್ಕೊಂಡಿದಾರೆ ಅನ್ನೋ ಕಡೆಗೆ ಹೋಗತ್ತೆ, ಅಲ್ಲಿಗೆ ಹೋಗೋ ಮುಂಚೆ ದಯವಿಟ್ಟು ಆ ಪಾಠ ನಿಲ್ಲಿಸಿ.

ಇನ್ನೊಂದು ವ್ಯತ್ಯಾಸ ಇದೆ. ಮಾಯೆ ಅನ್ನೋದು ನಮ್ಮೆಲ್ಲರಿಗೂ ಸೇರಿದ್ದು. ಹೊನ್ನಲ್ಲ ಹೆಣ್ಣಲ್ಲ ಮಣ್ಣಲ್ಲ, "ಮನದ ಮುಂದಣ ಆಸೆಯೇ ಮಾಯೆ" ಅಂದ ಅಲ್ಲಮಪ್ರಭುಗಳು ಹೇಳಿದ್ದು ನನಗೂ ನಿಮಗೂ ನಿಮ್ಮ ತಂದೆಗೂ ಅನ್ವಯಿಸತ್ತೆ, ಅದರೊಳಗೇ ಇದ್ದು ನಾವು ಕೆಲಸಕ್ಕೆ ಹೋಗ್ತೀವಿ, ಊಟ ಮಾಡ್ತೀವಿ, ನಿದ್ದೆ ಮಾಡ್ತೀವಿ. ನಿಮ್ಮ ತಮ್ಮ ತನ್ನ ಭ್ರಮೆಯಲ್ಲಿ ಒಬ್ಬನೇ ಇದಾನೆ. ಅವನಿಗಿರೋದು ಆಸೆಯೂ ಅಲ್ಲ, ಭಯ. ರಾತ್ರಿ ಎಲ್ಲಾ ಎಚ್ಚರ ಇದ್ದು ಕಿಟಕಿ ಸಂದಿ ಕಾಯೋ ಹುಡುಗನಿಗೆ ಜಗತ್ತು ಮಿಥ್ಯೆ ಅಂದ್ರೆ ಅವನ ಕಾಲಕೆಳಗಿರೋ ಸ್ವಲ್ಪ ನೆಲನೂ ಹೋಗತ್ತೆ. ವೇದಾಂತವೇ ಸಾಧಕನಿಗೆ ಮೊದಲು ಶಮ ದಮ ಬೇಕು, ಮನಸ್ಸು ನೆಲೆಯಲ್ಲಿರಬೇಕು ಅನ್ನತ್ತೆ ಅಲ್ವಾ, ಅದನ್ನ ತಂದೆಯವರಿಗೆ ನೆನಪು ಮಾಡಿ, ಅವರು ಒಪ್ತಾರೆ ಅನ್ಸತ್ತೆ.

ಮೊಬೈಲ್ ನೋಡಿ ನೋಡಿ ಹೀಗಾಯ್ತು ಅಂತ ಅದನ್ನ ಕಿತ್ಕೋಬೇಡಿ. 1810ರಲ್ಲಿ ಲಂಡನ್ನಿನ ಬೆಥ್ಲೆಮ್ ಆಸ್ಪತ್ರೆಯ ಜಾನ್ ಹ್ಯಾಸ್ಲಮ್ ಅನ್ನೋರು ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್ ಅನ್ನೋ ರೋಗಿ ಬಗ್ಗೆ ಒಂದು ಪುಸ್ತಕವನ್ನೇ ಬರೆದ್ರು. ಒಂದು ಗುಂಪು ಹತ್ತಿರದಲ್ಲೇ ಬಚ್ಚಿಟ್ಟಿರೋ ಗಾಳಿ-ಮಗ್ಗದಂಥ ಯಂತ್ರದಿಂದ ತನ್ನ ಮನಸ್ಸನ್ನ ಆಡಿಸ್ತಿದೆ ಅಂತ ಆತ ನಂಬಿದ್ದ. ಆಗ ಮಗ್ಗ, ಆಮೇಲೆ ರೇಡಿಯೋ, ಟಿವಿ, ಈಗ ಫೋನು. ಕಾಯಿಲೆ ಅವತ್ತಿಂದೂ ಇದೆ, ತನ್ನ ಕಾಲದ ಯಂತ್ರ ಎತ್ಕೊಳ್ಳತ್ತೆ ಅಷ್ಟೆ.

ಒಳಗೆ ಏನಾಗಿರತ್ತೆ ಅಂದ್ರೆ, ಇವತ್ತು ಹೆಚ್ಚಿನ ವೈದ್ಯರು ಒಪ್ಪೋ ವಿವರಣೆ ಪ್ರಕಾರ ಮೆದುಳಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಏರುಪೇರಾಗಿ ಲೆಕ್ಕಕ್ಕಿಲ್ಲದ ವಿಷಯಕ್ಕೂ ಭಾರಿ ಅರ್ಥ ಬಂದುಬಿಡತ್ತೆ. ಎದುರುಮನೆ ಗೇಟಿನ ಸದ್ದು, ಯಾರೋ ಕೆಮ್ಮಿದ್ದು, ಕಾರಿನ ನಂಬರು, ಎಲ್ಲಾ ತನಗೇ ಹೇಳಿದ ಹಾಗೆ. ಬುದ್ಧಿ ಕಮ್ಮಿ ಆಗಿರೋದಲ್ಲ. ಇಂಥದ್ದೇ ಕಾಯಿಲೆ ಇದ್ದ, 1994ರಲ್ಲಿ ನೊಬೆಲ್ ಪಡೆದ ಜಾನ್ ನ್ಯಾಶ್ ಗಣಿತದಲ್ಲಿ ಎಂಥಾ ದೊಡ್ಡ ತಲೆ, ಅನ್ಯಗ್ರಹದವರು ನಿಮಗೆ ಸಂದೇಶ ಕಳಿಸ್ತಾರೆ ಅಂತ ನೀವು ಹೇಗೆ ನಂಬಿದ್ರಿ ಅಂತ ಕೇಳಿದ್ರೆ, ಗಣಿತದ ಐಡಿಯಾಗಳು ಬಂದ ದಾರಿಯಲ್ಲೇ ಇವೂ ಬಂದ್ವು, ಅದಕ್ಕೆ ನಂಬಿದೆ ಅನ್ನೋ ಅರ್ಥದಲ್ಲಿ ಹೇಳಿದ್ರು.

ಈಗ ಮನೇಲಿ ಮಾಡೋದು. ಕ್ಯಾಮೆರಾ ಇಲ್ಲ ಅಂತ ವಾದ ಬೇಡ, ಹೌದಪ್ಪ ಇದೆ ಅಂತ ತಲೆ ಆಡಿಸೋದೂ ಬೇಡ. "ನನಗೆ ಅದು ಕಾಣ್ತಿಲ್ಲ, ಆದ್ರೆ ನಿನಗೆ ಎಷ್ಟು ಹೆದರಿಕೆ ಆಗ್ತಿದೆ ಅಂತ ಗೊತ್ತಾಗತ್ತೆ ಕಣೋ, ರಾತ್ರಿ ನಿದ್ದೆ ಬಂತಾ?" ಇಷ್ಟು ಸಾಕು. ನಿದ್ದೆ ಬಗ್ಗೆ ಮಾತಾಡಿದ್ರೆ ಡಾಕ್ಟರ ಹತ್ರ ಬರೋಕೂ ಒಪ್ಪಬಹುದು, ಯಾಕಂದ್ರೆ ನಿದ್ದೆ ಇಲ್ಲದ ಕಷ್ಟ ಅವನಿಗೂ ನಿಜ. ಔಷಧಿ ಪೂರ್ತಿ ಹಿಡಿಯೋಕೆ ವಾರಗಳು ಬೇಕು, ಎರಡೇ ದಿನಕ್ಕೆ ಏನೂ ಆಗ್ಲಿಲ್ಲ ಅಂತ ಬಿಡಬೇಡಿ. ಮಧ್ಯರಾತ್ರಿ ದಿಕ್ಕು ತೋಚದಿದ್ರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಭ್ರಮೆಯನ್ನ ಸಾಹಿತ್ಯ ಸರಿಯಾಗಿ ಚಿತ್ರಿಸಿದ್ಯಾ ಸರ್?
- ಎಂ.ಎ. ವಿದ್ಯಾರ್ಥಿ, ಧಾರವಾಡ

ಉತ್ತರ: ಸ್ಪೇನಿನ ಸರ್ವಾಂಟಿಸ್ 1605ರಲ್ಲಿ ಬರೆದ ಡಾನ್ ಕಿಹೋಟೆ ಕಾದಂಬರಿ ಓದಿ. ಗಾಳಿಯಂತ್ರಗಳನ್ನ ರಾಕ್ಷಸರು ಅಂದ್ಕೊಂಡು ಈಟಿ ಹಿಡಿದು ನುಗ್ಗಿದ್ದು ಎಲ್ಲರಿಗೂ ಗೊತ್ತು, ನನಗೆ ಮುಖ್ಯ ಅನ್ಸೋದು ಬಿದ್ದ ಮೇಲಿನ ಮಾತು. ಮೈ ನುಜ್ಜಾಗಿ ಬಿದ್ದಿದಾನೆ, ಅವನ ಸೇವಕ ಸಂಚೊ ಬಂದು ನಾನು ಹೇಳ್ಲಿಲ್ವಾ ಅಂತಾನೆ, ಅದಕ್ಕೆ ಇವನು, ನನಗೆ ಗೆಲುವು ಸಿಗಬಾರದು ಅಂತ ಒಬ್ಬ ಮಾಂತ್ರಿಕ ಆ ರಾಕ್ಷಸರನ್ನ ಯಂತ್ರ ಮಾಡಿಬಿಟ್ಟ ಅಂತಾನೆ. ಸಾಕ್ಷಿಯನ್ನೇ ನುಂಗಿ ಬೆಳೆಯೋ ಭ್ರಮೆ, ಯಾಸ್ಪರ್ಸ್‌ಗಿಂತ 300 ವರ್ಷ ಮುಂಚೆ.

ಹೆಂಡತಿ ಮೇಲಿನ ಬುಡವಿಲ್ಲದ ಸಂಶಯಕ್ಕೆ ವೈದ್ಯರು ಶೇಕ್ಸ್‌ಪಿಯರ್ ನಾಟಕದ ಒಥೆಲೋ ಹೆಸರಿಟ್ಟಿದಾರೆ, ಅದು ನನಗೆ ಒಪ್ಪಿಗೆ ಇಲ್ಲ. ಅವನಿಗೆ ಅವನ ಕೈಕೆಳಗಿನ ಇಯಾಗೋ ಬೇಕಂತಲೇ ಮೋಸ ಮಾಡಿದ್ದು, ಸಂಶಯಕ್ಕೆ ಸಾಕ್ಷಿ ಅನ್ಕೊಂಡಿದ್ದ ಕರವಸ್ತ್ರದ ನಿಜ ಸಂಗತಿ ಇಯಾಗೋ ಹೆಂಡತಿ ಎಮಿಲಿಯಾ ಬಾಯಿಬಿಟ್ಟ ಕೂಡ್ಲೆ ಅವನ ಕಣ್ಣು ತೆರೀತು. ಕಾಯಿಲೆ ಇದ್ದಿದ್ರೆ ಎಮಿಲಿಯಾನೂ ಸುಳ್ಳುಗಾತಿ ಅಂತಿದ್ದ.

ಪ್ರಶ್ನೆ: ನಮ್ಮ ದೊಡ್ಡಮ್ಮನಿಗೆ ಜಾತ್ರೇಲಿ ಮೈಮೇಲೆ ಅಮ್ಮ ಬರತ್ತೆ. ಇದೂ ಮಾನಸಿಕ ಕಾಯಿಲೆನಾ?
- ಓದುಗರು, ಮಂಡ್ಯ

ಉತ್ತರ: ಅಲ್ಲ. ಊರೆಲ್ಲಾ ಒಪ್ಪಿರೋ, ಜಾತ್ರೆ ಮುಗಿದ ಮೇಲೆ ಮುಗಿಯೋ, ಮಾರನೇ ದಿನ ದೊಡ್ಡಮ್ಮ ಎದ್ದು ಎಂದಿನ ಹಾಗೆ ರೊಟ್ಟಿ ತಟ್ಟೋ ವಿಷಯಕ್ಕೆ ವೈದ್ಯರೂ ಕಾಯಿಲೆ ಅನ್ನಲ್ಲ, ಒಂದು ಸಮುದಾಯದವರು ಸಾಮಾನ್ಯವಾಗಿ ನಂಬೋದನ್ನ ಭ್ರಮೆ ಅಂತ ಎಣಿಸಬಾರದು ಅಂತ ಅವರ ಪುಸ್ತಕಗಳಲ್ಲೇ ಇದೆ. ಜಾತ್ರೆ ಇಲ್ಲದಾಗ್ಲೂ ತಿಂಗಳುಗಟ್ಟಲೆ, ನಿದ್ದೆ ಊಟ ಬಿಟ್ಟು, ಊರವರಿಗೇ ವಿಚಿತ್ರ ಅನ್ಸೋ ಹಾಗಿದ್ರೆ ಆಗ ತೋರಿಸಿ. ದೇವಸ್ಥಾನ ದರ್ಗಾ ಎಲ್ಲಿಗೆ ಬೇಕಾದ್ರೂ ಹೋಗಿ, ಮಾತ್ರೆ ಮಾತ್ರ ನಿಲ್ಸಬೇಡಿ, ಯಾರನ್ನೂ ಕಟ್ಟಿಹಾಕೋ ಕಡೆ ಬಿಟ್ಟು ಬರಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನ ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದವರು ಓಡೋಕಾಗದೆ ಸುಟ್ಟುಹೋದ್ರು. 2017ರ ಮಾನಸಿಕ ಆರೋಗ್ಯ ಕಾನೂನಲ್ಲಿ ಸರಪಳಿ ಹಾಕೋದೇ ನಿಷಿದ್ಧ.

ಪ್ರಶ್ನೆ: ಗಂಡ ಮಾತ್ರೆ ಮುಟ್ಟಲ್ಲ. ಸಾರಲ್ಲಿ ಪುಡಿ ಮಾಡಿ ಹಾಕಬಹುದಾ?
- ಹೆಸರು ಬೇಡ, ಹಾಸನ

ಉತ್ತರ: ಬೇಡ ತಾಯಿ. ನಿಮ್ಮ ಕಷ್ಟ ಅರ್ಥ ಆಗತ್ತೆ, ಎಷ್ಟೋ ಮನೇಲಿ ಹೀಗೆ ಮಾಡ್ತಾರೆ. ಆದ್ರೆ ಊಟಕ್ಕೆ ಏನೋ ಬೆರೆಸ್ತಾರೆ ಅನ್ನೋದು ಈ ಕಾಯಿಲೆಯ ತುಂಬಾ ಸಾಮಾನ್ಯ ಭ್ರಮೆ, ಒಂದಿನ ಸಾರಿನ ತಳದಲ್ಲಿ ಬಿಳಿ ಪುಡಿ ಕಂಡ್ರೆ ಅವರ ಸಂಶಯಕ್ಕೆ ನೀವೇ ಸಾಕ್ಷಿ ಕೊಟ್ಟ ಹಾಗಾಗತ್ತೆ, ಆಮೇಲೆ ನಿಮ್ಮ ಕೈಯಿಂದ ನೀರೂ ಕುಡಿಯಲ್ಲ. ದಿನಾ ಮಾತ್ರೆ ಒಲ್ಲದವರಿಗೆ ತಿಂಗಳಿಗೊಮ್ಮೆ ಕೊಡೋ ಇಂಜೆಕ್ಷನ್ ಇದಾವೆ, ಅವರು ಒಪ್ಪಿದ್ರೆ ಅದು ಸುಲಭ, ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಕೇಳಿ. ಅವರು ಬರದಿದ್ರೂ ಮೊದಲ ಸಲ ನೀವೊಬ್ರೇ ಹೋಗಿ ಮಾತಾಡ್ಕೊಂಡು ಬನ್ನಿ.