ಗಡಿಯಾರದಲ್ಲಿ 6:12, ಮೈದಾನದಲ್ಲಿ 6:50

ಆಪ್ತಸಮಾಲೋಚನೆಗೆ ಬಂದ ಸಲಹಾರ್ಥಿಯ ಒಪ್ಪಿಗೆ ಪಡೆದು ಬರೆದ ಪ್ರಕರಣ ಇದು. ಗುರುತು ಹತ್ತಬಾರದೆಂದು ವಯಸ್ಸು, ತಾಲ್ಲೂಕು, ಮನೆಯ ವಿವರಗಳನ್ನು ಬದಲಿಸಲಾಗಿದೆ. ಓಟದ ಲೆಕ್ಕಗಳನ್ನು ಮುಟ್ಟಿಲ್ಲ.

ಬಂದ ಕಾರಣ

ಇಪ್ಪತ್ತಮೂರು ವರ್ಷದ ಯುವಕ. ಸಿಂದಗಿ ಕಡೆಯ ಹಳ್ಳಿಯವನು, ವಿಜಯಪುರದಲ್ಲಿ ಮೂವರು ಗೆಳೆಯರ ಜೊತೆ ರೂಮು ಮಾಡಿಕೊಂಡು ಓದುತ್ತಿದ್ದ. ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿ ದೈಹಿಕ ಪರೀಕ್ಷೆಗೆ ಕಾಯುತ್ತಿದ್ದ. ಉದ್ದ ಜಿಗಿತ, ಗುಂಡು ಎಸೆತದ ಬಗ್ಗೆ ಧೈರ್ಯವಿತ್ತು. ಕಾಡುತ್ತಿದ್ದದ್ದು 1600 ಮೀಟರ್ ಓಟ. ಗಂಡಸರು ಅದನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು.

"ಮೇಡಂ, ವಾಚಿನ್ಯಾಗ ಆರು ಹನ್ನೆರಡು ಬರ್ತೈತ್ರಿ. ಮಾಸ್ತರು ಟೈಮ್ ಹಿಡದ್ರ ಆರು ಐವತ್ತು. ನಾನೊಬ್ಬನ ಸುತ್ತ ಎಣಿಸಿಕೊಂಡು ಓಡಿದ್ರ ಏಳು ದಾಟತೈತ್ರಿ. ಪರೀಕ್ಷಾ ಅಂದಕೂಡ್ಲೆ ನನ್ನ ಕಾಲು ಕಟ್ತಾವ್ರಿ."

ಬೆಳಗಿನ ನಾಲ್ಕಕ್ಕೆ ಎಚ್ಚರ, ಹೊಟ್ಟೆ ತೊಳಸುವುದು, ಮೈದಾನಕ್ಕೆ ಹೋಗುವ ಮುನ್ನ ಎರಡು ಮೂರು ಸಲ ಶೌಚಕ್ಕೆ ಓಡುವುದು, ಓದಿದ್ದು ತಲೆಗೆ ಹತ್ತದಿರುವುದು: ಇವಿಷ್ಟು ದೂರುಗಳು. "ಇದೂ ಹೋತಂದ್ರ ಊರಾಗ ಮಾರಿ ಹೆಂಗ ತೋರಿಸ್ಲಿ" ಎಂದದ್ದರಿಂದ ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಲಾಯಿತು. ಬಂದಿರಲಿಲ್ಲ. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿ, ರಾತ್ರಿ ಹೊತ್ತಿನಲ್ಲೂ ಅಲ್ಲಿಗೆ ಕರೆ ಮಾಡಬಹುದೆಂದು ತಿಳಿಸಲಾಯಿತು.

ಪರೀಕ್ಷೆಯ ಭಯ ಎಂದು ಬರೆದುಕೊಂಡು ಉಸಿರಾಟದ ಅಭ್ಯಾಸ ಕಲಿಸಿ ಕಳಿಸುವುದು ಸುಲಭವಿತ್ತು. ಆದರೆ ಅದೇ ಹುಡುಗ, ಅದೇ ವಾರ, ಅದೇ ಮೈದಾನ. ವೇಳೆ ಮಾತ್ರ ಮೂರು ಬಗೆ. ಒಂದು ನಿಮಿಷದಷ್ಟು ಅಂತರವನ್ನು ಪೂರ್ತಿ ಮನಸ್ಸಿನ ತಲೆಗೆ ಕಟ್ಟುವ ಮೊದಲು ಅಳತೆಯನ್ನೇ ನೋಡಬೇಕಿತ್ತು. ಮುಂದಿನ ಭೇಟಿಗೆ ವಾಚು, ಫೋನು ಎರಡನ್ನೂ ತರಲು ಹೇಳಲಾಯಿತು.

ವಾಚಿನ ತಪಾಸಣೆ

ಅದು ಕಡಿಮೆ ಬೆಲೆಯ ಸ್ಮಾರ್ಟ್‌ವಾಚು, ರೂಮಿನ ಗೆಳೆಯನಿಂದ ಅರ್ಧ ಬೆಲೆಗೆ ಕೊಂಡದ್ದು. ಆ್ಯಪ್ ತೆರೆದರೆ ಪ್ರೊಫೈಲಿನಲ್ಲಿ ಹಳೆಯ ಮಾಲೀಕನೇ ಕೂತಿದ್ದ: ವಯಸ್ಸು 29, ಎತ್ತರ ಆರು ಅಡಿ, ಓಟದ ಹೆಜ್ಜೆಯ ಉದ್ದ 150 ಸೆಂಟಿಮೀಟರ್. ನಮ್ಮ ಹುಡುಗನ ಎತ್ತರ ಐದು ಅಡಿ ಏಳು ಇಂಚು.

ಈ ದರ್ಜೆಯ ವಾಚುಗಳಲ್ಲಿ ಸಾಮಾನ್ಯವಾಗಿ ಸ್ವಂತ ಜಿಪಿಎಸ್ ಇರುವುದಿಲ್ಲ. ಫೋನು ಮೈಮೇಲಿದ್ದರೆ ಅದರ ಜಿಪಿಎಸ್ ಬಳಸುತ್ತವೆ. ಇಲ್ಲದಿದ್ದರೆ ಕೈ ಬೀಸುವುದನ್ನು ನೋಡಿ ಹೆಜ್ಜೆ ಎಣಿಸಿ, ಹೆಜ್ಜೆಯ ಉದ್ದದಿಂದ ಗುಣಿಸಿ ದೂರ ಹೇಳುತ್ತವೆ. ಈತ ಫೋನನ್ನು ಬ್ಯಾಗಿನಲ್ಲಿಟ್ಟು, ಬ್ಯಾಗನ್ನು ಬೇವಿನ ಗಿಡದ ಬುಡಕ್ಕಿಟ್ಟು ಓಡುತ್ತಿದ್ದ. ಅಂದರೆ ವಾಚಿಗೆ ಗೊತ್ತಿದ್ದದ್ದು ಹೆಜ್ಜೆಗಳ ಸಂಖ್ಯೆ ಒಂದೇ.

ಲೆಕ್ಕವನ್ನು ಅವನ ಕೈಯಿಂದಲೇ ಹಾಕಿಸಲಾಯಿತು. ನಿಮಿಷಕ್ಕೆ 172 ಹೆಜ್ಜೆ ಎಂದು ವಾಚು ತೋರಿಸುತ್ತಿತ್ತು. ಮಾಸ್ತರು ಹಿಡಿದ 6:50 ಎಂದರೆ 410 ಸೆಕೆಂಡು, ಅಷ್ಟರಲ್ಲಿ ಸುಮಾರು 1175 ಹೆಜ್ಜೆ. 1600 ಮೀಟರನ್ನು 1175ರಿಂದ ಭಾಗಿಸಿದರೆ ನಿಜವಾದ ಹೆಜ್ಜೆ 1.36 ಮೀಟರ್. ವಾಚು ಹೆಜ್ಜೆಗೆ 1.50 ಹಿಡಿಯುವುದರಿಂದ 1067 ಹೆಜ್ಜೆಗೇ "1.6 ಕಿ.ಮೀ." ಎಂದು ನಡುಗುತ್ತಿತ್ತು. 1067 ಹೆಜ್ಜೆಗೆ ಹಿಡಿಯುವ ಸಮಯ 6 ನಿಮಿಷ 12 ಸೆಕೆಂಡು. ಆಗ ಅವನು ನಿಜವಾಗಿ ಓಡಿರುತ್ತಿದ್ದದ್ದು 1450 ಮೀಟರ್. ಉಳಿದ 150 ಮೀಟರಿಗೆ ಅವನ ವೇಗದಲ್ಲಿ 38 ಸೆಕೆಂಡು ಬೇಕು. 6:12ಕ್ಕೆ 38 ಕೂಡಿಸಿದ ಮೇಲೆ ಹುಡುಗ ಪೆನ್ನು ಕೆಳಗಿಟ್ಟ.

ಏಳು ನಿಮಿಷ ದಾಟಿದ್ದಕ್ಕೆ ಕಾರಣ ವಾಚಲ್ಲ, ವಾಕಿಂಗ್ ಮಂದಿ. ಬೆಳಿಗ್ಗೆ ಒಳಗಿನ ಮೂರು ಲೇನುಗಳನ್ನು ಅವರು ತುಂಬಿಕೊಂಡಿರುವುದರಿಂದ ಈತ ಒಬ್ಬನೇ ಓಡುವಾಗ ನಾಲ್ಕನೇ ಲೇನು ಹಿಡಿಯುತ್ತಿದ್ದ. ಅಳತೆಯ ಟ್ರ್ಯಾಕಿನಲ್ಲಿ ಒಳಲೇನು ಮಾತ್ರ 400 ಮೀಟರ್. ಲೇನಿನ ಅಗಲ 1.22 ಮೀಟರ್ ಇರುವುದರಿಂದ ಹೊರಹೋದಂತೆ ಸುತ್ತಿಗೆ ಏಳೂವರೆ ಮೀಟರಿನಷ್ಟು ಬೆಳೆದು, ನಾಲ್ಕನೇ ಲೇನಿನ ಒಂದು ಸುತ್ತು 422 ಮೀಟರ್ ಆಗುತ್ತದೆ. ನಾಲ್ಕು ಸುತ್ತಿಗೆ ಸುಮಾರು 90 ಮೀಟರ್ ಹೆಚ್ಚುವರಿ, ಅಂದರೆ 23 ಸೆಕೆಂಡು. 6:50 ಹೀಗೆ 7:13 ಆಗುತ್ತಿತ್ತು.

ಮೂರು ವೇಳೆಗಳೂ ಒಂದೇ ವೇಗದವು. ಪರೀಕ್ಷೆ ಎಂದಕೂಡಲೇ ಕಾಲು ಕಟ್ಟುತ್ತವೆ ಎಂಬ ನಂಬಿಕೆಗೆ ಅವನ ಬಳಿ ಇದ್ದ ಸಾಕ್ಷಿ ಈ ಅಂಕಿಗಳೇ. ಲೆಕ್ಕ ಮುಗಿದಾಗ ಆ ನಂಬಿಕೆಯೂ ಅರ್ಧ ಸಡಿಲವಾಯಿತು. ಇಲ್ಲಿ ಹೆಚ್ಚು ಕೆಡಿಸಿದ್ದು 7:13 ಅಲ್ಲ, 6:12. ಅಷ್ಟು ಒಳ್ಳೆಯ ವೇಳೆ ಕೈಯಲ್ಲಿದೆ ಎಂದುಕೊಂಡವನಿಗೆ ಮಾಸ್ತರ ಗಡಿಯಾರದ 6:50 ಸೋಲಾಗಿ ಕಂಡಿತು. ಇನ್ನೂ 20 ಸೆಕೆಂಡು ಇಳಿಸಬೇಕು ಎಂಬ ಸಾದಾ ಕೆಲಸವಾಗಿ ಕಾಣಲಿಲ್ಲ.

ಹೃದಯ ಬಡಿತದ ಭಯ

ಮೆಲ್ಲಗೆ ಓಡುವಾಗಲೂ ವಾಚು 170ರ ಮೇಲೆ ಬಡಿತ ತೋರಿಸಿ ಎಚ್ಚರಿಕೆ ಕೊಡುತ್ತಿತ್ತು. ಹೃದಯದ ತೊಂದರೆ ಇರಬಹುದೆಂದು ಹೆದರಿ ರಾತ್ರಿ ಮೂರು ನಾಲ್ಕು ಸಲ ಬಡಿತ ನೋಡಿಕೊಳ್ಳುವ ಚಟ ಹತ್ತಿತ್ತು.

ಮೊದಲು ಕೇಳಬೇಕಾದವನ್ನು ಕೇಳಲಾಯಿತು: ಓಡುವಾಗ ಎದೆನೋವು, ಕಣ್ಣು ಕತ್ತಲೆಗಟ್ಟಿ ಬೀಳುವುದು, ಸುಮ್ಮನೆ ಕೂತಾಗಲೂ ಏದುಸಿರು, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸಾವು. ಇವುಗಳಲ್ಲಿ ಒಂದಿದ್ದರೂ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಯಾವುದೂ ಇರಲಿಲ್ಲ. ಆದರೂ ವೈದ್ಯರಿಗೆ ತೋರಿಸಿ ಇಸಿಜಿ ಮಾಡಿಸಲಾಯಿತು, ಸರಿಯಿತ್ತು. ಇದು ಒಂದೇ ಸಲ ಎಂದು ಮೊದಲೇ ಒಪ್ಪಂದವಾಗಿತ್ತು. ಪದೇ ಪದೇ ತಪಾಸಣೆ ಮಾಡಿಸಿದರೆ ಇಂಥ ಭಯಕ್ಕೆ ಮೇವು ಹಾಕಿದಂತೆ.

ಇನ್ನು ಆ ಅಂಕಿ. ವಾಚಿನ ಅಡಿಯ ಹಸಿರು ಬೆಳಕು ಚರ್ಮದೊಳಗಿನ ರಕ್ತದ ಏರಿಳಿತ ನೋಡಿ ಬಡಿತ ಎಣಿಸುತ್ತದೆ. ಪಟ್ಟಿ ಸಡಿಲವಿದ್ದು ವಾಚು ಕುಣಿದರೆ, ಆ ಕುಣಿತದ ಲಯವನ್ನೇ ಬಡಿತವೆಂದು ಹಿಡಿದುಬಿಡುತ್ತದೆ. ಇವನ ಹೆಜ್ಜೆ 172, ಬಡಿತ 173. ಎರಡೂ ಹೀಗೆ ಜೋಡಿಯಾಗಿ ನಡೆದರೆ ಅನುಮಾನಿಸಬೇಕು. ಓಟ ನಿಲ್ಲಿಸಿದ ಕೂಡಲೇ ಕೊರಳ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲು ಹೇಳಲಾಯಿತು. 35 ಸಿಕ್ಕಿತು, ಅಂದರೆ 140. ಪಟ್ಟಿಯನ್ನು ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮೇಲಕ್ಕೆ ಸರಿಸಿ ಬಿಗಿ ಮಾಡಿದ ಮೇಲೆ ವಾಚೂ ಅದರ ಆಸುಪಾಸಿಗೆ ಬಂತು.

ಎಚ್ಚರಿಕೆಯ ಮಿತಿಯೂ 29ರ ವಯಸ್ಸಿಗೆ ಕಟ್ಟಿದ್ದು. 220ರಿಂದ ವಯಸ್ಸು ಕಳೆಯುವ ಸೂತ್ರ ಸರಾಸರಿಯದು. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಸಾಮಾನ್ಯ. ಅದೂ ಅಲ್ಲದೆ, ನಲವತ್ತರ ಆಸುಪಾಸು ಬಿಸಿಲು ಕಾಯುವ ವಿಜಯಪುರದ ಏಪ್ರಿಲ್‌ನಲ್ಲಿ ಅದೇ ವೇಗಕ್ಕೆ ಬಡಿತ ಚಳಿಗಾಲಕ್ಕಿಂತ ಏರಿಯೇ ಇರುತ್ತದೆ.

ಕೊಟ್ಟ ಸಲಹೆ

ವಾಚು ಬಿಸಾಡು ಎಂದು ಹೇಳಲಿಲ್ಲ. ಹಾಗೆ ಹೇಳಿದರೆ ಎರಡು ದಿನ ಕೇಳಿ ಮೂರನೇ ದಿನ ಕದ್ದು ನೋಡುತ್ತಾರೆ. ಅದರ ಯಾವ ಅಂಕಿಯನ್ನು ಎಷ್ಟು ನಂಬಬೇಕು ಎಂಬುದನ್ನು ವಿಂಗಡಿಸಲಾಯಿತು. ಸಮಯ ಪೂರ್ತಿ ನಂಬಬಹುದಾದದ್ದು. ಜಿಪಿಎಸ್ ದೂರ ರಸ್ತೆಯ ಮೇಲೆ ನಡೆದೀತು, ಟ್ರ್ಯಾಕಿನಲ್ಲಿ ಬೇಡ: ಕೆಲವು ಮೀಟರ್ ಅಲುಗಾಟ ಅದಕ್ಕೆ ಸಹಜ, ತಿರುವುಗಳನ್ನು ಬೇರೆ ಕತ್ತರಿಸುತ್ತದೆ. ಕ್ಯಾಲೊರಿ, ಒತ್ತಡದ ಅಂಕ, ನಿದ್ರೆಯ ಹಂತಗಳು ಊಹೆ.

ಬದಲಿಸಿದ್ದು ಇಷ್ಟು. ಪ್ರೊಫೈಲಿನಲ್ಲಿ ತನ್ನ ವಯಸ್ಸು, ಎತ್ತರ, ತೂಕ. ಹೆಜ್ಜೆಯ ಉದ್ದಕ್ಕೆ ಟೇಪಿನಿಂದ ಅಳೆದ 100 ಮೀಟರನ್ನು ಪರೀಕ್ಷೆಯ ವೇಗದಲ್ಲಿ ಓಡಿ ಬಲಗಾಲು ಮಾತ್ರ ಎಣಿಸುವುದು; 37 ಬಂತು, ಒಟ್ಟು 74 ಹೆಜ್ಜೆ, ಹಾಗಾಗಿ 135 ಸೆಂಟಿಮೀಟರ್. ಆಟೋ ಪಾಜ್ (ಓಟಗಾರ ನಿಂತರೆ ತಾನೇ ಎಣಿಕೆ ನಿಲ್ಲಿಸುವ ವ್ಯವಸ್ಥೆ) ಬಂದ್, ಏಕೆಂದರೆ ನೀರು ಕುಡಿಯಲು ನಿಂತ ಸಮಯವನ್ನು ಅದು ನುಂಗುತ್ತದೆ, ಪರೀಕ್ಷೆಯ ಗಡಿಯಾರ ನುಂಗುವುದಿಲ್ಲ. ಬಡಿತದ ಎಚ್ಚರಿಕೆ ಬಂದ್. ರಸ್ತೆ ಓಟಕ್ಕೆ ಫೋನು ಸೊಂಟದ ಪಟ್ಟಿಯಲ್ಲಿ, ಬ್ಯಾಟರಿ ಉಳಿತಾಯದ ಮೋಡ್ ತೆಗೆದು. ಇಲ್ಲದಿದ್ದರೆ ಪರದೆ ಆರಿದ ಮೇಲೆ ಫೋನು ಆ್ಯಪನ್ನು ಮಲಗಿಸಿ, ನಕ್ಷೆಯಲ್ಲಿ ಓಡಿದ ದಾರಿಯ ಬದಲು ನೇರ ಗೆರೆ ಎಳೆದಿರುತ್ತದೆ. ಹೊರಡುವ ಮುನ್ನ ಬಯಲಿನಲ್ಲಿ ಒಂದೆರಡು ನಿಮಿಷ ನಿಂತು ಜಿಪಿಎಸ್ ಸಿಗ್ನಲ್ ಹಿಡಿಯಲು ಬಿಡಬೇಕು. ಮೈದಾನದಲ್ಲಿ ಓಟದ ಆ್ಯಪ್ ತೆರೆಯುವುದೇ ಬೇಡ: ವಾಚಿನ ಸಾದಾ ಸ್ಟಾಪ್‌ವಾಚ್, ಒಳಲೇನಿನಲ್ಲಿ ನಾಲ್ಕು ಸುತ್ತು. ಮಂದಿ ಕಡಿಮೆ ಇರುವ ಐದೂವರೆಗೇ ಹೋದರೆ ಲೇನೂ ಸಿಗುತ್ತದೆ, ಬಿಸಿಲೂ ತಪ್ಪುತ್ತದೆ.

ಅಳತೆ ಸರಿಯಾದರೂ ಭಯ ಪೂರ್ತಿ ಹೋಗಿರಲಿಲ್ಲ, ಹೋಗುವುದೂ ಇಲ್ಲ. ಆ್ಯಪಿನ "ಸತತ ದಿನಗಳ" ಸರಪಳಿ ಕಡಿಯಬಾರದೆಂದು ದಿನಾ 1600 ಮೀಟರನ್ನು ಜೀವ ಬಿಟ್ಟು ಓಡುತ್ತಿದ್ದ. ದಿನಾ ಪರೀಕ್ಷೆ ಕೊಟ್ಟರೆ ತಯಾರಿ ಯಾವಾಗ? ಮೊಣಕಾಲ ಕೆಳಗಿನ ಎಲುಬಿನ ಒಳಬದಿಯಲ್ಲಿ ನೋವೂ ಶುರುವಾಗಿತ್ತು. ಗೇಣುದ್ದ ಹರಡಿದ ನೋವಾದ್ದರಿಂದ ಓಟ ಕಡಿಮೆ ಮಾಡಿದರೆ ಸಾಕಿತ್ತು. ಒಂದೇ ಬೆರಳಿನಷ್ಟು ಜಾಗದಲ್ಲಿ ಒತ್ತಿದರೆ ಜೀವ ಹೋಗುವಂತಿದ್ದರೆ ಎಲುಬು ಬಿರುಕು ಬಿಟ್ಟಿರಬಹುದು, ಅದಕ್ಕೆ ಎಲುಬಿನ ವೈದ್ಯರೇ ಬೇಕು. ಮಾಸ್ತರ ಜೊತೆ ಮಾತಾಡಿ ವಾರಕ್ಕೆ ಎರಡೇ ದಿನ ವೇಗದ ಕೆಲಸ ಇಡಲಾಯಿತು. ಒಂದು ದಿನ 400 ಮೀಟರ್ ಐದು ಸಲ, ತಲಾ 96ರಿಂದ 97 ಸೆಕೆಂಡು, ನಡುವೆ ಎರಡು ನಿಮಿಷ ನಡಿಗೆ. ಇನ್ನೊಂದು ದಿನ 800 ಮೀಟರ್ ಎರಡು ಸಲ, 3:15ರ ಸುತ್ತ. ಮೂರು ದಿನ ಮಾತಾಡುತ್ತ ಓಡುವಷ್ಟು ಮೆಲ್ಲಗೆ, ಎರಡು ದಿನ ವಿಶ್ರಾಂತಿ. ಪೂರ್ತಿ 1600 ಎರಡು ವಾರಕ್ಕೊಮ್ಮೆ ಮಾತ್ರ.

ಮೊದಲ ವಿಶ್ರಾಂತಿ ದಿನವೇ ಸರಪಳಿ ಕಡಿಯಬೇಕಿತ್ತು. ಅದನ್ನೇ ಒಂದು ಪ್ರಯೋಗವಾಗಿ ಕೊಡಲಾಯಿತು: ಕಡಿದರೆ ಏನಾಗುತ್ತದೆ ಎಂದು ಹಿಂದಿನ ರಾತ್ರಿ ಬರೆದಿಡು, ಮರುದಿನ ಸಂಜೆ ನಿಜವಾಗಿ ಏನಾಯಿತೆಂದು ಪಕ್ಕದಲ್ಲಿ ಬರಿ. "ಮೈ ಜಡ ಆಗ್ತೈತಿ, ಹಿಂದ ಬೀಳ್ತೀನಿ" ಎಂದು ಬರೆದಿದ್ದ. ಪಕ್ಕದ ಸಾಲಿನಲ್ಲಿ: "ಮಧ್ಯಾಹ್ನ ನಿದ್ದಿ ಬಂತು. ಕಾಲು ನೋವು ಕಮ್ಮಿ."

ಎರಡನೇ ಪ್ರಯೋಗ ವಾಚಿನ ಮುಖಕ್ಕೆ ಬಿಳಿ ಮೆಡಿಕಲ್ ಟೇಪ್ ಅಂಟಿಸಿ ಓಡುವುದು. ಪ್ರತಿ ಸುತ್ತಿನ ಕೊನೆಗೆ ತನ್ನ ಅಂದಾಜು ಕೂಗಬೇಕು, ರೂಮಿನ ಗೆಳೆಯ ನಿಜವಾದ ವೇಳೆ ಬರೆದುಕೊಳ್ಳಬೇಕು, ಓಟ ಮುಗಿಯುವವರೆಗೆ ಹೇಳಬಾರದು. ಮೊದಮೊದಲು ಹತ್ತು ಸೆಕೆಂಡು ತಪ್ಪುತ್ತಿದ್ದ ಅಂದಾಜು ಮೂರನೇ ವಾರಕ್ಕೆ ಎರಡು ಮೂರು ಸೆಕೆಂಡಿಗೆ ಇಳಿಯಿತು. ಮಣಿಕಟ್ಟು ನೋಡದೆ ವೇಗ ತಿಳಿಯುತ್ತದೆ ಎಂಬ ಭರವಸೆ ಹುಟ್ಟಿದ ಮೇಲೆ ಹೊಟ್ಟೆಯ ತೊಳಸುವಿಕೆ ಕಡಿಮೆಯಾಯಿತು. ಉಸಿರಾಟದ ಅಭ್ಯಾಸವನ್ನೂ ಕಲಿಸಲಾಗಿತ್ತು. ಇವನಿಗೆ ಹೆಚ್ಚು ಕೆಲಸ ಮಾಡಿದ್ದು ಟೇಪೇ.

ನಿದ್ರೆಯ ಅಂಕವನ್ನು ಎದ್ದ ಕೂಡಲೇ ನೋಡಿ, 60ಕ್ಕಿಂತ ಕಡಿಮೆಯಿದ್ದರೆ "ಇವತ್ತು ಆಗಂಗಿಲ್ಲ" ಎಂದು ತೀರ್ಮಾನಿಸುತ್ತಿದ್ದ. ರಾತ್ರಿ ವಾಚು ತೆಗೆದಿಡಲು ಹೇಳಿದರೆ ಒಪ್ಪಲಿಲ್ಲ. ಕೊನೆಗೆ ಓಟ ಮುಗಿಸಿ ಬಂದು ನಾಷ್ಟಾ ಮಾಡಿದ ಮೇಲೆಯೇ ಆ ಪುಟ ತೆರೆಯುವುದು ಎಂಬಲ್ಲಿಗೆ ರಾಜಿಯಾಯಿತು.

ಮನೆಯಲ್ಲೂ ಒಂದು ಕೆಲಸವಿತ್ತು. ತಂದೆ ದಿನಾ ಸಂಜೆ ಫೋನಿನಲ್ಲಿ "ಎಷ್ಟ ಬಂತಪಾ ಇವತ್ತ?" ಎಂದು ಕೇಳುತ್ತಿದ್ದರು, ಹುಡುಗ 6:12 ಎನ್ನುತ್ತಿದ್ದ. ಅವನ ಒಪ್ಪಿಗೆಯಿಂದ ತಂದೆಗೆ ಕರೆ ಮಾಡಿ, ವೇಳೆ ಕೇಳುವುದು ಬೇಡ, ಊಟ ಆಯಿತೇ ಎಂದು ಕೇಳಿದರೆ ಸಾಕು ಎಂದು ವಿನಂತಿಸಲಾಯಿತು. "ನಮಗೇನ್ ತಿಳಿತೈತ್ರಿ ಬಾಯಾರ, ಧೈರ್ಯಾ ಬರ್ಲಿ ಅಂತ ಕೇಳ್ತಿದ್ನಿ" ಎಂದರು. 6:50ರ ಸಂಗತಿಯನ್ನು ಮಗನೇ ಹೇಳಿಕೊಂಡ.

ಈಗಿನ ಸ್ಥಿತಿ

ಮಾಸ್ತರು ಹಿಡಿದ ಮೊದಲ 6:50ರ ಸುತ್ತುಗಳು 86, 101, 112, 111. ಮೊದಲ ಸುತ್ತಿನಲ್ಲೇ ಎಲ್ಲ ಖರ್ಚು ಮಾಡಿದವನ ಲೆಕ್ಕ ಅದು. 6:30ಕ್ಕೆ ಸುತ್ತಿಗೆ 97.5 ಸೆಕೆಂಡು ಬೇಕು. ಎಂಟನೇ ವಾರದ ಓಟ 94, 98, 99, 95: ಒಟ್ಟು 6:26. ನಾಲ್ಕೇ ಸೆಕೆಂಡಿನ ಅಂತರ, ಗಾಳಿಯೋ ಗುಂಪಿನ ತಳ್ಳಾಟವೋ ಅದನ್ನು ತಿಂದುಬಿಡಬಹುದು. ಆದ್ದರಿಂದ 6:20ರ ಗುರಿ ಇಟ್ಟು ತಯಾರಿ ಮುಂದುವರಿದಿದೆ. ರಾತ್ರಿ ಬಡಿತ ನೋಡಿಕೊಳ್ಳುವುದು ನಿಂತಿದೆ. ನಿದ್ರೆಯ ಅಂಕವನ್ನು ಈಗಲೂ ಕೆಲವೊಮ್ಮೆ ಎದ್ದಕೂಡಲೇ ನೋಡುತ್ತಾನೆ, ನೋಡಿದ ದಿನ ತಾನೇ ಹೇಳುತ್ತಾನೆ.

ಪರೀಕ್ಷೆಯ ದಿನ ವಾಚು ಕಟ್ಟಲು ಬಿಡುತ್ತಾರೆಂದು ನಂಬಿಕೊಂಡು ಹೋಗಬಾರದು ಎಂದು ಹೇಳಿದೆ. ಅದಕ್ಕಾಗಿ ಕೊನೆಯ ಎರಡು ವಾರದ ಓಟಗಳೆಲ್ಲ ಬರಿಗೈಯಲ್ಲಿ. ದಿನಾಂಕ ಪ್ರಕಟವಾದ ವಾರ ಮತ್ತೊಂದು ಭೇಟಿ ನಿಗದಿಯಾಗಿದೆ.