ನಾಡಿ ಹುಡುಕುವ ಕೆಲಸ

ಪ್ರಶ್ನೆ: ಮೇಡಂ, ನಾನು ವೈದ್ಯಕೀಯ ಕೊನೆಯ ವರ್ಷದ ವಿದ್ಯಾರ್ಥಿನಿ. ಕಳೆದ ತಿಂಗಳು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಂದ ರೋಗಿಯೊಬ್ಬರ ತೊಡೆಸಂದಿಯ ಅಪಧಮನಿಯಿಂದ ಹೆಪ್ಪುಗಟ್ಟಿದ ರಕ್ತ ತೆಗೆಯುವುದನ್ನು ನೋಡಿದೆ. ಅಂದಿನಿಂದ ವ್ಯಾಸ್ಕುಲರ್ ಸರ್ಜನ್ (ರಕ್ತನಾಳಗಳ ಶಸ್ತ್ರವೈದ್ಯೆ) ಆಗಬೇಕೆಂಬ ಆಸೆ. ಸೀನಿಯರ್‌ಗಳು ಮಾತ್ರ, "ಈಗೆಲ್ಲ ನಾಳ ಹಿಗ್ಗಿಸುವ ಬಲೂನು, ತೆರೆದಿಡುವ ಸ್ಟೆಂಟು. ಚಾಕು ಹಿಡಿಯುವವರಿಗೆ ಅಲ್ಲಿ ಕೆಲಸವಿಲ್ಲ" ಎನ್ನುತ್ತಾರೆ. ಹೊಲಿಗೆಯಲ್ಲಿ ನನ್ನ ಕೈ ನಿಧಾನ ಬೇರೆ. ಏನು ಮಾಡಲಿ?

ಉತ್ತರ: ನೀವು ನೋಡಿದ ಆ ಶಸ್ತ್ರಚಿಕಿತ್ಸೆಯಲ್ಲೇ ಬಲೂನು ಇತ್ತಲ್ಲ! ತೆಳು ನಳಿಕೆಯನ್ನು ಹೆಪ್ಪಿನ ಆಚೆಗೆ ದಾಟಿಸಿ, ತುದಿಯ ಬಲೂನು ಉಬ್ಬಿಸಿ ಹಿಂದಕ್ಕೆ ಎಳೆಯುವ ಆ ವಿಧಾನವನ್ನು ಅಮೆರಿಕದ ಶಸ್ತ್ರವೈದ್ಯ ಥಾಮಸ್ ಫೋಗಾರ್ಟಿ 1963ರಲ್ಲೇ ಪ್ರಕಟಿಸಿದ್ದರು. ಮರುವರ್ಷ ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿಸ್ಟ್, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಮಹಿಳೆಯ ತೊಡೆಯ ಅಪಧಮನಿಯನ್ನು ಬರೀ ನಳಿಕೆಯಿಂದ ಹಿಗ್ಗಿಸಿ ಕಾಲು ಉಳಿಸಿದರು. ಹಾಗಾಗಿ ತಂತಿ, ಬಲೂನುಗಳು ನಮ್ಮ ಕಸುಬನ್ನು ಕಸಿಯಲು ನಿನ್ನೆಮೊನ್ನೆ ಬಂದವಲ್ಲ. ಬೆಳಿಗ್ಗೆ ಹೊಟ್ಟೆ ತೆರೆದು ಮಹಾಪಧಮನಿ ಹೊಲಿದವಳೇ ಮಧ್ಯಾಹ್ನ ಸೀಸದ ಏಪ್ರನ್ ತೊಟ್ಟು ಎಕ್ಸ್‌ರೇ ಕೆಳಗೆ ತಂತಿ ತೂರಿಸುತ್ತೇನೆ.

ಚಾಕು ಬೇಕೇ ಬೇಕಾದ ಜಾಗಗಳೂ ಇವೆ. ಅಪಘಾತದಲ್ಲಿ ಹರಿದ ನಾಳ, ಸೋಂಕು ತಗುಲಿದ ಕೃತಕ ನಾಳ, ತೊಡೆಸಂದಿಯ ತಡೆ. ಆ ಸಂದಿ ದಿನವಿಡೀ ಮಡಿಸುತ್ತಿರುವುದರಿಂದ ಅಲ್ಲಿ ಸ್ಟೆಂಟ್ ಇಡಲು ಹಿಂಜರಿಯುತ್ತೇವೆ. ಕಾಲು ಕಳೆದುಕೊಳ್ಳುವ ಹಂತದ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಬೆಸ್ಟ್-ಸಿಎಲ್‌ಐ ಅಧ್ಯಯನದಲ್ಲೂ, ಕಾಲಿನ ಸಫೀನಸ್ ಅಭಿಧಮನಿ ಚೆನ್ನಾಗಿದ್ದವರಿಗೆ ಮೊದಲು ಬಲೂನು, ಸ್ಟೆಂಟಿಗಿಂತ ಬೈಪಾಸ್ (ಆ ಅಭಿಧಮನಿಯನ್ನೇ ಜೋಡಿಸಿ ತಡೆಯನ್ನು ಬಳಸಿಕೊಂಡು ರಕ್ತಕ್ಕೆ ಹೊಸ ದಾರಿ) ಮಾಡಿದ್ದೇ ಮೇಲಾಯಿತು. ಎರಡನ್ನೂ ಕಲಿಯಿರಿ. ಒಂದನ್ನೇ ಬಲ್ಲವರಿಗೆ ಪ್ರತಿ ರೋಗಿಯೂ ಅದಕ್ಕೇ ತಕ್ಕವರಾಗಿ ಕಾಣುವ ಅಪಾಯವಿದೆ.

ಇನ್ನು ನಿಮ್ಮ ನಿಧಾನದ ಕೈ. ನಾಳಗಳನ್ನು ಜೋಡಿಸುವ ಹೊಲಿಗೆಗೆ ದಾರಿ ತೋರಿ 1912ರಲ್ಲಿ ನೊಬೆಲ್ ಪಡೆದ ಅಲೆಕ್ಸಿಸ್ ಕ್ಯಾರೆಲ್, ಲಿಯಾನ್ ನಗರದ ಕಸೂತಿ ಹೆಂಗಸಿನ ಬಳಿ ಸೂಜಿ ಹಿಡಿಯುವುದನ್ನು ಕಲಿತವರು. ನನ್ನ ಕೈಯೂ ನಿಧಾನವೇ ಇತ್ತು. ನನ್ನ ಗುರುಗಳು ಬೇಗ ಮಾಡು ಎಂದು ಒಮ್ಮೆಯೂ ಹೇಳಲಿಲ್ಲ. "ಸೂಜಿ ಒಳಗಿನಿಂದ ಹೊರಕ್ಕೆ" ಎಂದಷ್ಟೇ ಹೇಳುತ್ತಿದ್ದರು. ಹೊರಗಿನಿಂದ ಚುಚ್ಚಿದರೆ ರೋಗಗ್ರಸ್ತ ನಾಳದ ಒಳಪದರ ಗೋಡೆ ಬಿಟ್ಟು ಏಳುತ್ತದೆ, ರಕ್ತ ಬಿಟ್ಟೊಡನೆ ಅದೇ ಅಡ್ಡ ಬಂದು ನಿಲ್ಲುತ್ತದೆ. ಹತ್ತು ಹೊಲಿಗೆ ಬೇಗ ಹಾಕಿ ಎರಡು ಬಿಚ್ಚುವುದಕ್ಕಿಂತ ಎಂಟನ್ನು ಸರಿಯಾಗಿ ಹಾಕಿದವರೇ ಮೊದಲು ಮುಗಿಸುತ್ತಾರೆ. ಅವಸರ ಬೇಕಿರುವುದು ತೀರ್ಮಾನದಲ್ಲಿ. ರಕ್ತ ಪೂರ್ತಿ ನಿಂತ ಕಾಲಿನ ಸ್ನಾಯು ಸುಮಾರು 6 ಗಂಟೆಯಲ್ಲಿ ಸಾಯತೊಡಗುತ್ತದೆ. ರಾತ್ರಿ ಎರಡಕ್ಕೆ ಫೋನ್ ಬಂದಾಗ ಬೆಳಗಾಗಲಿ ಎನ್ನುವಂತಿಲ್ಲ.

ನಿಮ್ಮ ಸೀನಿಯರ್‌ಗಳು ಹೇಳದ ಕಷ್ಟ ಬೇರೆಯೇ ಇದೆ. ಅಪೆಂಡಿಕ್ಸ್ ತೆಗೆದವರು ರೋಗಿಯನ್ನು ಮತ್ತೆ ನೋಡಬೇಕಾಗಿ ಬರುವುದು ಅಪರೂಪ. ನಮ್ಮ ರೋಗಿಗಳು ನಮ್ಮೊಂದಿಗೇ ಮುಪ್ಪಾಗುತ್ತಾರೆ. ಇವತ್ತು ಬಲಗಾಲು, ನಾಲ್ಕು ವರ್ಷಕ್ಕೆ ಎಡಗಾಲು, ಆಮೇಲೆ ಡಯಾಲಿಸಿಸ್‌ಗೆಂದು ಕೈಯಲ್ಲಿ ಅಪಧಮನಿ, ಅಭಿಧಮನಿ ಜೋಡಿಸುವ ಫಿಸ್ಟುಲಾ. ಐದು ಗಂಟೆ ನಿಂತು ನಾನು ಮಾಡಿದ ಒಂದು ಬೈಪಾಸ್ ಮೂರನೇ ವರ್ಷ ಮುಚ್ಚಿಹೋಯಿತು. ಅವರಿಗೆ ಸಿಗರೇಟು ಬಿಡಲಾಗಿರಲಿಲ್ಲ. ಮೊಣಕಾಲಿನ ಕೆಳಗೆ ಕತ್ತರಿಸಿದವಳೂ ನಾನೇ. ಅಂದು ನನಗೆ ಊಟ ಸೇರಲಿಲ್ಲ. ಮರುದಿನ ಅವರೇ ನನ್ನ ಕೈ ಹಿಡಿದು, "ಆ ಮೂರು ವರ್ಷ ನಡೆದಾಡಿದೆನಲ್ಲ ಡಾಕ್ಟ್ರೇ" ಎಂದರು. ಕೃತಕ ಕಾಲು ಹಾಕಿಕೊಂಡು ಈಗಲೂ ತಪಾಸಣೆಗೆ ಬರುತ್ತಾರೆ, ಸಿಗರೇಟು ಬಿಟ್ಟಿದ್ದಾರೆ. ಇಂಥ ನಂಟು ನಿಮಗೆ ಭಾರವೆನಿಸಿದರೆ ಬೇರೆ ವಿಭಾಗ ನೋಡಿ. ಬೇಕೆನಿಸಿದರೆ ಖಂಡಿತ ಬನ್ನಿ.

ಅದಕ್ಕೂ ಮೊದಲು ಒಂದು ತಿಂಗಳು ಹೀಗೆ ಮಾಡಿ. ವಾರ್ಡಿನಲ್ಲಿರುವ ಪ್ರತಿಯೊಬ್ಬ ಸಕ್ಕರೆ ಕಾಯಿಲೆಯವರ ಸಾಕ್ಸ್ ತೆಗೆಸಿ, ಪಾದದ ಮೇಲೂ ಕಣಕಾಲಿನ ಒಳಬದಿಯ ಗಂಟಿನ ಹಿಂದೆಯೂ ಬೆರಳಿಟ್ಟು ನಾಡಿ ಹುಡುಕಿ. ಸಿಗದಿದ್ದರೆ ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಹಿಡಿದು ಕಿವಿಗೊಡಿ. ಸಿಕ್ಕದ್ದನ್ನೂ ಸಿಗದ್ದನ್ನೂ ಬರೆದಿಟ್ಟುಕೊಂಡು ನನಗೆ ಮತ್ತೆ ಬರೆಯಿರಿ.