ಕಡಲ ಬದಿಯ ರಜೆ ಮನೆ ಎತ್ತಿಸಲು ಸರ್ಕಾರ ದುಡ್ಡು ಕೊಡುತ್ತದೆಯೇ?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. 2023ರಲ್ಲಿ ಬಾರ್ನೆಗಟ್ ಕೊಲ್ಲಿಯ ಬದಿ ಒಂದು ಹಳೆಯ ಮರದ ಮನೆ ಕೊಂಡೆವು, 1950ರ ದಶಕದ್ದು. ಬೇಸಿಗೆ ರಜೆಯಲ್ಲಿ, ಊರಿಂದ ಅಪ್ಪ–ಅಮ್ಮ ಬಂದಾಗ ಹೋಗಿ ಇರುತ್ತೇವೆ. ಹೋದ ಚಳಿಗಾಲ ಹುಣ್ಣಿಮೆಯ ಭರತಕ್ಕೆ ಬಿರುಗಾಳಿ ಸೇರಿ ನೀರು ಹೊಸಿಲು ದಾಟಿತು. ಸ್ಯಾಂಡಿ ಚಂಡಮಾರುತದಲ್ಲಿ ಸೊಂಟದವರೆಗೆ ನಿಂತಿತ್ತಂತೆ. ಪಕ್ಕದ ಮನೆಯವರು ಈಗ ಹೇಳುತ್ತಾರೆ, ಮಾರಿದವರು ತುಟಿ ಬಿಚ್ಚಿರಲಿಲ್ಲ. ಸಾಲವಿಲ್ಲದೆ ಕೊಂಡದ್ದರಿಂದ ಬ್ಯಾಂಕಿನ ಒತ್ತಾಯವೂ ಇರಲಿಲ್ಲ, ನೆರೆ ವಿಮೆ ಮಾಡಿಸಿಲ್ಲ. ಮನೆಯನ್ನು ನೆರೆಯ ಮಟ್ಟಕ್ಕಿಂತ ಮೇಲೆ ಎತ್ತಿ ನಿಲ್ಲಿಸುವ ಕಂಟ್ರಾಕ್ಟರ್ ಒಬ್ಬರು ‘ಈಗ ಸಹಿ ಹಾಕಿ, ಖರ್ಚು ಆಮೇಲೆ ಫೀಮಾದಿಂದ ವಾಪಸ್ ಬರುತ್ತೆ’ ಅನ್ನುತ್ತಾರೆ. ‘ಕಾಗದದಲ್ಲಿ ಇದನ್ನೇ ಮುಖ್ಯ ಮನೆ ಅಂತ ತೋರಿಸಿಬಿಡಿ’ ಎನ್ನುವ ಗೆಳೆಯರೂ ಇದ್ದಾರೆ. ಏನು ಮಾಡುವುದು?

ಉತ್ತರ: ಸಹಿ ಹಾಕಬೇಡಿ. ಅನುದಾನ ಮಂಜೂರಾಗುವ ಮೊದಲೇ ಕೆಲಸ ಶುರುವಾದ ಮನೆ ಫೀಮಾದ ಲೆಕ್ಕದಲ್ಲಿ ಅನರ್ಹ. ಖರ್ಚು ಮಾಡಿ ರಸೀದಿ ಹಿಡಿದು ಹೋದರೆ ದುಡ್ಡು ಹುಟ್ಟುವುದಿಲ್ಲ. (ಊರಲ್ಲಿರುವ ಅಪ್ಪನಿಗೆ ಫೋನಿನಲ್ಲಿ ವಿವರಿಸುವಾಗ ಹುಷಾರು. ಅಲ್ಲಿ ಫೆಮಾ ಅಂದರೆ ವಿದೇಶಿ ವಿನಿಮಯದ ಕಾಯ್ದೆ. ಇದು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ.)

ಗೆಳೆಯರ ಸಲಹೆಯನ್ನೂ ಅಲ್ಲಿಗೇ ಬಿಡಿ. ನೆರೆ ವಿಮೆಯ ಮಟ್ಟಿಗೆ ಮುಖ್ಯ ಮನೆ ಅಂದರೆ ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ನೀವು ವಾಸವಿರುವ ಮನೆ. ನಿಮ್ಮ ಡ್ರೈವಿಂಗ್ ಲೈಸೆನ್ಸ್, ತೆರಿಗೆ ಪತ್ರ, ಮಕ್ಕಳ ಶಾಲೆ ಎಲ್ಲವೂ ಎಡಿಸನ್‌ನದ್ದು. ಸುಳ್ಳು ಬರೆದುಕೊಟ್ಟು ಫೆಡರಲ್ ಹಣ ಪಡೆದರೆ ಅದು ಅಪರಾಧ.

ರಜೆ ಮನೆ ಅಂದ ಕೂಡಲೇ ಹೆಚ್ಚಿನ ಬಾಗಿಲುಗಳು ಮುಚ್ಚುತ್ತವೆ ಎಂಬುದು ನಿಜ. ವಿಪತ್ತಿನ ನಂತರ ಕುಟುಂಬಗಳಿಗೆ ಫೀಮಾ ಕೊಡುವ ನೇರ ನೆರವು ವಾಸದ ಮನೆಗೆ ಮಾತ್ರ. ಸಣ್ಣ ಉದ್ದಿಮೆ ಆಡಳಿತ ಎಂಬ ಫೆಡರಲ್ ಸಂಸ್ಥೆಯ ಅಗ್ಗದ ವಿಪತ್ತು ಸಾಲವೂ ರಜೆ ಮನೆಗಿಲ್ಲ. ನಿಜವಾಗಿ ಬಾಡಿಗೆಗೆ ಕೊಟ್ಟ ಮನೆಯಾದರೆ ಉದ್ಯಮವೆಂದು ಪರಿಗಣಿಸಬಹುದು. 2012ರ ಅಕ್ಟೋಬರ್ 29ರ ಸ್ಯಾಂಡಿಯ ನಂತರ ನ್ಯೂಜೆರ್ಸಿ ಮನೆ ದುರಸ್ತಿಗೆ, ಎತ್ತಿಸುವುದಕ್ಕೆ 1,50,000 ಡಾಲರ್‌ವರೆಗೆ ಕೊಟ್ಟಿತಲ್ಲ, ಅದೂ ವಾಸದ ಮನೆಯವರಿಗೇ ಹೋಯಿತು. ಇದ್ದೊಂದು ಸೂರು ಕಳೆದುಕೊಂಡವರ ಸರದಿ ಮೊದಲು ಬರಬೇಕಾದ್ದೇ, ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಆದರೆ ಒಂದು ಬಾಗಿಲು ನೀವು ಅಲ್ಲಿ ಎಷ್ಟು ದಿನ ಮಲಗುತ್ತೀರಿ ಎಂದು ಕೇಳುವುದಿಲ್ಲ. ಅದು ನೆರೆ ತಗ್ಗಿಸುವ ನೆರವು ಯೋಜನೆ, ಎಫ್‌ಎಂಎ. ಫೀಮಾ ನಡೆಸುವ ರಾಷ್ಟ್ರೀಯ ನೆರೆ ವಿಮೆ ಒಂದೇ ಮನೆಗೆ ಮತ್ತೆ ಮತ್ತೆ ಪರಿಹಾರ ಕೊಟ್ಟು ಸುಸ್ತಾಗಿದೆ. ಗೋಡೆ ಒಣಗಿಸಲು ನಾಲ್ಕು ಸಲ ದುಡ್ಡು ಕೊಡುವುದಕ್ಕಿಂತ ಒಂದು ಸಲ ಮನೆಯನ್ನೇ ಎತ್ತಿಬಿಟ್ಟರೆ ಅಗ್ಗ ಎಂಬುದು ಇದರ ಹಿಂದಿನ ಲೆಕ್ಕ. ಹಾಗಾಗಿ ಅದು ನೋಡುವುದು ಕಟ್ಟಡವನ್ನು, ಅದರ ವಿಮೆಯನ್ನು. ಸಾಮಾನ್ಯವಾಗಿ ಶೇ 75ರಷ್ಟು ಖರ್ಚು ಫೆಡರಲ್ ಸರ್ಕಾರದ್ದು. ಪದೇ ಪದೇ ಮುಳುಗಿದ ಮನೆಯಾದರೆ ಶೇ 90, ತೀವ್ರವಾಗಿ ಮುಳುಗಿದ್ದಾದರೆ ಪೂರ್ತಿ ಶೇ 100. ತೀವ್ರ ಅಂದರೆ, ತಲಾ 5,000 ಡಾಲರ್ ಮೀರಿದ ನಾಲ್ಕು ಪರಿಹಾರಗಳು ಸಂದು ಒಟ್ಟು 20,000 ದಾಟಿರಬೇಕು. ಇಲ್ಲವೇ ಕಟ್ಟಡಕ್ಕೆ ಸಂದ ಎರಡೇ ಪರಿಹಾರಗಳ ಮೊತ್ತ ಅದರ ಮಾರುಕಟ್ಟೆ ಬೆಲೆಯನ್ನು ಮೀರಿರಬೇಕು.

ಇಲ್ಲಿ ನಿಮಗೊಂದು ಅನುಕೂಲವಿದೆ. ಈ ಇತಿಹಾಸ ಮಾಲೀಕನ ಜತೆ ಹೋಗುವುದಿಲ್ಲ, ಮನೆಗೇ ಅಂಟಿಕೊಂಡಿರುತ್ತದೆ. ನಿಮಗೆ ಮಾರಿದವರು ಮುಚ್ಚಿಟ್ಟ ಪರಿಹಾರಗಳೇ ಈಗ ನಿಮ್ಮ ಅರ್ಜಿಗೆ ಬಲ. ಈಗಿನ ಮಾಲೀಕರಾಗಿ ಆ ಮನೆಯ ನಷ್ಟದ ಇತಿಹಾಸವನ್ನು ಫೀಮಾದಿಂದ ಕೇಳಿ ಪಡೆಯುವ ಹಕ್ಕು ನಿಮಗಿದೆ, ಮೊದಲು ಅದನ್ನು ತರಿಸಿ. (2024ರ ಮಾರ್ಚ್‌ನಿಂದ ನ್ಯೂಜೆರ್ಸಿಯಲ್ಲಿ ಮಾರುವವರೇ ನೆರೆಯ ವಿಷಯ ಬರೆದುಕೊಡಬೇಕು. ನೀವು ಒಂದು ವರ್ಷ ಮೊದಲೇ ಕೊಂಡಿರಿ.)

ಆದರೆ ಈಗ ನಿಮ್ಮ ಕೈಯಲ್ಲಿ ವಿಮೆಯೇ ಇಲ್ಲವಲ್ಲ! ಅರ್ಜಿ ಹೋಗುವ ಹೊತ್ತಿಗೆ ರಾಷ್ಟ್ರೀಯ ನೆರೆ ವಿಮೆ ಇರಲೇಬೇಕು. ಪಾಲಿಸಿ ಕೊಂಡರೂ ಸಾಮಾನ್ಯವಾಗಿ 30 ದಿನ ಕಾದ ಮೇಲೆಯೇ ಅದು ಜಾರಿಗೆ ಬರುವುದು. ಚಂಡಮಾರುತದ ಸುದ್ದಿ ಕೇಳಿ ಏಜೆಂಟರಿಗೆ ಫೋನ್ ಮಾಡುವುದು ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ರಜೆ ಮನೆಗೆ ಕಂತು ತುಸು ಭಾರ: ವಾಸದ ಮನೆಗೆ ವರ್ಷಕ್ಕೆ 25 ಡಾಲರ್ ಇರುವ ಮೇಲ್ತೆರಿಗೆ ನಿಮಗೆ 250, ಕಂತಿನ ಏರಿಕೆಯ ಮಿತಿ ಶೇ 18ರ ಬದಲು ಶೇ 25. ಇನ್ನೊಂದು ಮಾತು. ಕಡಲಂಚಿನ ಮರಳುದಿಬ್ಬಗಳಲ್ಲಿ ಕಟ್ಟುವುದಕ್ಕೆ ಫೆಡರಲ್ ಹಣ ತಡೆಯುವ 1982ರ ಕರಾವಳಿ ತಡೆದಿಬ್ಬ ಕಾಯ್ದೆಯ ನಕ್ಷೆಯಲ್ಲಿ ನಿಮ್ಮ ಜಾಗ ಬಿದ್ದಿದ್ದರೆ ಈ ವಿಮೆಯೇ ಸಿಗದಿರಬಹುದು. ಕೊಲ್ಲಿಯ ಸುತ್ತ ವನ್ಯಜೀವಿ ಧಾಮ, ರಾಜ್ಯ ಉದ್ಯಾನ ಎಲ್ಲ ಇರುವುದರಿಂದ ನಕ್ಷೆ ನೋಡಿಕೊಂಡೇ ಮುಂದುವರಿಯಿರಿ.

ಅರ್ಜಿ ಹಾಕುವವರು ನೀವಲ್ಲ. ರಜೆ ಮನೆ ಇರುವ ಟೌನ್‌ಶಿಪ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ರಾಜ್ಯಕ್ಕೆ ಕೊಡುತ್ತದೆ, ರಾಜ್ಯ ಫೀಮಾಕ್ಕೆ. ಟೌನ್‌ಶಿಪ್ ಕಚೇರಿಯಲ್ಲಿ ನೆರೆಬಯಲಿನ ಉಸ್ತುವಾರಿ ಅಧಿಕಾರಿ ಅಂತ ಒಬ್ಬರು ಇರುತ್ತಾರೆ. ಇಮೇಲ್ ಸಾಲದು, ವಾರದ ದಿನ ರಜೆ ಹಾಕಿ ಹೋಗಿ, ಎದುರು ಕೂತು, ಮುಂದಿನ ಪಟ್ಟಿಯಲ್ಲಿ ಹೆಸರು ಸೇರಿಸಲು ಕೇಳಿ. ಟೌನ್‌ಶಿಪ್‌ಗೆ ಆಸಕ್ತಿ ಇಲ್ಲದಿದ್ದರೆ ನಿಮ್ಮ ಇತಿಹಾಸ ಎಷ್ಟೇ ಒದ್ದೆಯಾಗಿರಲಿ, ಕಡತ ಅಲ್ಲೇ ಒಣಗುತ್ತದೆ. ಕಾಯುವುದಕ್ಕೂ ತಯಾರಾಗಿರಿ, ಇದು ವರ್ಷಗಳ ಮಾತು. 2021ರ ಮೂಲಸೌಕರ್ಯ ಕಾಯ್ದೆ ಎಫ್‌ಎಂಎಗೆ ಐದು ವರ್ಷಕ್ಕೆ 350 ಕೋಟಿ ಡಾಲರ್ ಕೊಟ್ಟಿತ್ತು. 2025ರ ಏಪ್ರಿಲ್‌ನಲ್ಲಿ ಇದರ ಅಕ್ಕಪಕ್ಕದ, ವಿಪತ್ತಿಗೆ ಮೊದಲೇ ತಯಾರಾಗಲು ಹಣ ಕೊಡುವ ಬ್ರಿಕ್ ಯೋಜನೆಯನ್ನೇ ನಿಲ್ಲಿಸುವುದಾಗಿ ಫೀಮಾ ಘೋಷಿಸಿತು, ರಾಜ್ಯಗಳು ಕೋರ್ಟ್ ಮೆಟ್ಟಿಲೇರಿದವು. ಈ ಗಾಳಿಯಲ್ಲಿ ಯಾರೂ ನಿಮಗೆ ಖಾತರಿ ಕೊಡಲಾರರು, ಕೊಟ್ಟವರನ್ನು ನಂಬಬೇಡಿ.

ವಿಮೆ ಇದ್ದರೆ ಇನ್ನೊಂದು ಲಾಭ. ನೆರೆಯ ಹಾನಿ ಕಟ್ಟಡದ ಬೆಲೆಯ ಅರ್ಧದಷ್ಟು ಅಥವಾ ಹೆಚ್ಚು ಎಂದು ಟೌನ್‌ಶಿಪ್ ಘೋಷಿಸಿದರೆ, ನಿಯಮಕ್ಕೆ ತಕ್ಕಂತೆ ಎತ್ತಿಸಲು ಪಾಲಿಸಿಯಿಂದಲೇ 30,000 ಡಾಲರ್‌ವರೆಗೆ ಬರುತ್ತದೆ. ಇದು ರಜೆ ಮನೆಗೂ ಉಂಟು, ಅನುದಾನದಲ್ಲಿ ನಿಮ್ಮ ಪಾಲಾಗಿಯೂ ಸಲ್ಲುತ್ತದೆ. ಉದಾಹರಣೆಗೆ ಕೆಲಸಕ್ಕೆ 1,60,000 ಡಾಲರ್ ಅಂದುಕೊಳ್ಳಿ. ಶೇ 75 ಅಂದರೆ 1,20,000 ಅನುದಾನ. ಉಳಿದ 40,000ದಲ್ಲಿ 30,000 ಪಾಲಿಸಿಯಿಂದ ಬಂದರೆ ಕೈಯಿಂದ ಹೋಗುವುದು 10,000. ಹೋದ ಚಳಿಗಾಲದ ನೀರಿಗೆ ಮಾತ್ರ ಇದು ಅನ್ವಯಿಸದು, ಆಗ ಪಾಲಿಸಿ ಇರಲಿಲ್ಲ.

ಎತ್ತುವುದನ್ನು ಒಮ್ಮೆ ಎಲ್ಲಾದರೂ ನಿಂತು ನೋಡಿ ಬನ್ನಿ. ಅಡಿಪಾಯದ ಗೋಡೆಗೆ ತೂತು ಹೊಡೆದು ಈ ಬದಿಯಿಂದ ಆ ಬದಿಗೆ ಉಕ್ಕಿನ ತೊಲೆ ತೂರಿಸುತ್ತಾರೆ. ಒಂದೇ ಯಂತ್ರಕ್ಕೆ ಜೋಡಿಸಿದ ಜ್ಯಾಕ್‌ಗಳು ಒಟ್ಟಿಗೆ ಉಸಿರೆಳೆದಂತೆ ಮನೆ ಒಂದೊಂದೇ ಗೇಣು ಮೇಲೇಳುತ್ತದೆ. ಕೆಳಗೆ ಮರದ ದಿಮ್ಮಿಗಳನ್ನು ಅಡ್ಡ–ಉದ್ದ ಪೇರಿಸುತ್ತಾ ಹೋಗುತ್ತಾರೆ. ಎಪ್ಪತ್ತು ವರ್ಷದ ತೊಲೆಗೆ ಗೆದ್ದಲು ಹಿಡಿದಿದ್ದರೆ ಗೊತ್ತಾಗುವುದು ಆಗಲೇ. ಹಾಗಾಗಿ ಮೊದಲೇ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಮನೆಯಡಿ ತೆವಳಿಸಿ. ಮನೆಗೆ 50 ದಾಟಿರುವುದರಿಂದ ರಾಜ್ಯದ ಪುರಾತನ ಕಟ್ಟಡ ವಿಭಾಗದ ಪರಿಶೀಲನೆಯೂ ಇರುತ್ತದೆ.

ಫೀಮಾದ ನೆರೆ ನಕ್ಷೆಯಲ್ಲಿ ನಿಮ್ಮದು ಅಲೆ ಬಡಿಯುವ ವಿ ವಲಯವಾದರೆ ಕಂಬಗಳ ಮೇಲೆಯೇ ನಿಲ್ಲಿಸಬೇಕು. ಅಷ್ಟು ಜೋರಿನ ಅಲೆಯಿಲ್ಲದ ಎ ವಲಯದಲ್ಲಿ ಗೋಡೆ ಕಟ್ಟಬಹುದು, ಆದರೆ ಆವರಿಸಿದ ಪ್ರತಿ ಚದರ ಅಡಿಗೆ ಒಂದು ಚದರ ಇಂಚಿನಂತೆ ನೀರು ಬಂದುಹೋಗಲು ಕಿಂಡಿ ಬಿಡಬೇಕು. ಎರಡಕ್ಕಿಂತ ಕಡಿಮೆ ಇರಬಾರದು, ನೆಲದಿಂದ ಒಂದಡಿಯೊಳಗೆ ಇರಬೇಕು.

ಅನುದಾನ ಪಡೆದ ಮೇಲೆ ಕ್ರಯಪತ್ರದ ಜತೆ ಒಂದು ಷರತ್ತು ನೋಂದಣಿಯಾಗುತ್ತದೆ: ವಿಮೆ ಎಂದೂ ತಪ್ಪಬಾರದು, ಕೆಳಗಿನ ಜಾಗದಲ್ಲಿ ಕಾರು, ಸಾಮಾನು, ಮೆಟ್ಟಿಲು ಇಷ್ಟೇ. ನಿಮ್ಮಿಂದ ಕೊಳ್ಳುವವರಿಗೂ ಅದು ಅನ್ವಯ. ಅಪ್ಪ–ಅಮ್ಮನಿಗೆ ಕೆಳಗೊಂದು ಕೋಣೆ ಮಾಡಿಕೊಡೋಣ ಎಂದುಕೊಂಡಿದ್ದರೆ ಅದು ಆಗದು. ಮನೆ ಹತ್ತಡಿ ಮೇಲೆ ಹೋದರೆ ಹದಿನಾರು ಮೆಟ್ಟಿಲು. ನಕ್ಷೆ ಮಾಡುವಾಗಲೇ ಎಂಟನೆಯದರಲ್ಲಿ ಒಂದು ಅಗಲವಾದ ಕಟ್ಟೆ ಬಿಡಿಸಿ, ಎರಡೂ ಕಡೆ ಕೈಹಿಡಿ ಹಾಕಿಸಿ. ಅವರು ಅರ್ಧ ದಾರಿಯಲ್ಲಿ ಕೂತು ಕೊಲ್ಲಿ ನೋಡಲಿ.